ಯಂಗಳ ಮನೆ, ನಮ್ಮನೆ

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಮ್ಮ ಅಂಗಳ ಕೇಳದ ಮಾತಿಲ್ಲ. ರಾಶಿ ಅಡಿಕೆಯ ರೇಟಿನಿಂದ ಹಿಡಿದು ಯಾರ ಮನೆ ಮಾಣಿಗೆ ಇನ್ನೂ ಹೆಣ್ಣು ಸಿಕ್ಕಿಲ್ಲ ಎನ್ನುವವರೆಗೆ ಎಲ್ಲ ಬಂದು ಹೋಗುತ್ತದೆ. ಆದರೆ ಕಳೆದ ಡಿಸೆಂಬರಿನ ಒಂದು ರಾತ್ರಿ ಕೇಳಿದ್ದು ಹೊಸದು. ನನ್ನ ಸೊಸೆ ಮೆಟ್ಟುಗತ್ತಿಯ ಮುಂದೆ ಕೂತು, ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮಗ್ಗಿ ಬಾಯಿಪಾಠ ಮಾಡುವ ಹುಡುಗಿಯ ಹಾಗೆ ಹೇಳುತ್ತಿದ್ದಳು: "ತಾತೊಉ, ಮಾತೊಉ. ತಾತೊಉ, ಮಾತೊಉ."

"ಅದೆಂತ ಮಾತು ಮಾತು ಹೇಳ್ತಾ ಇದ್ದು ಕೂಸು?" ಎಂದರು ಆಚೆಮನೆ ಅತ್ತಿಗೆ.

ಅವಳು ಹೇಳುತ್ತಿದ್ದದ್ದು ಮಾತು ಎಂದಲ್ಲ. ನಾವು, ನಾವು ಎಂದು.

ಮಗ ವೆಲಿಂಗ್ಟನ್‌ನಲ್ಲಿ ಸಾಫ್ಟ್‌ವೇರ್ ಕೆಲಸದಲ್ಲಿದ್ದಾನೆ. ಸೊಸೆ ಅಲ್ಲಿನವಳೇ. ಅಪ್ಪ ಬಿಳಿಯರ ಪೈಕಿ, ಅಮ್ಮ ಮಾವೋರಿ. ಮದುವೆ ಸುದ್ದಿ ಊರಿಗೆ ಗೊತ್ತಾದಾಗ "ಮಾವೋರಿ ಅಂದ್ರೆ ಎಂತ ಜಾತಿನೇ?" ಎಂದು ಕೇಳಿದವರಿಗೆ ನಾನು ಭೂಗೋಳದ ಪಾಠವನ್ನೇ ಮಾಡಬೇಕಾಯಿತು. ಪೆಸಿಫಿಕ್ ಸಾಗರದಲ್ಲಿ ಉತ್ತರಕ್ಕೆ ಹವಾಯಿ, ಪೂರ್ವಕ್ಕೆ ರಾಪಾ ನುಯಿ, ನೈಋತ್ಯಕ್ಕೆ ನ್ಯೂಜಿಲೆಂಡ್ ಗುರುತು ಮಾಡಿ ಗೆರೆ ಎಳೆದರೆ ದೊಡ್ಡ ತ್ರಿಕೋನ ಆಗುತ್ತದೆ. ಅದರೊಳಗಿನ ದ್ವೀಪಗಳ ಜನ ಪಾಲಿನೇಷ್ಯನ್ನರು. ಜೋಡಿ ದೋಣಿ ಕಟ್ಟಿಕೊಂಡು, ನಕ್ಷತ್ರ, ಅಲೆ, ಹಕ್ಕಿಗಳ ಹಾರಾಟ ನೋಡಿಕೊಂಡು ನೆಲ ಹುಡುಕಿದವರು. ನ್ಯೂಜಿಲೆಂಡಿಗೆ ಬಂದದ್ದು ಸುಮಾರು 13ನೇ ಶತಮಾನದಲ್ಲಿ. ನಾನು ಇಲ್ಲಿಗೆ ತಲುಪುವಷ್ಟರಲ್ಲಿ ಕೇಳಿದವರು ಕವಳದ ತಟ್ಟೆ ಹತ್ತಿರ ಎಳೆದುಕೊಂಡಿರುತ್ತಿದ್ದರು.

ಮಾವೋರಿ ಎಂದು ನಾನು ಬರೆಯುವುದೂ ಸರಿಯಲ್ಲ. ಅವಳು ಹೇಳುವುದು ಮಾಓರಿ. ನಡುವೆ ವಕಾರ ಇಲ್ಲ. ಎರಡು ಸ್ವರ ಅಕ್ಕಪಕ್ಕ ಬಂದರೆ ನಮ್ಮ ನಾಲಿಗೆ ಸುಮ್ನೆ ಇರುವುದಿಲ್ಲ, ಒಂದು ಯಕಾರವನ್ನೋ ವಕಾರವನ್ನೋ ತುರುಕುತ್ತದೆ. ಮನೆ ಅನ್ನು ಎನ್ನಲಾರದೆ ಮನೆಯನ್ನು ಎನ್ನುತ್ತೇವೆ. ಆಗಮಸಂಧಿ. ಅವರಿಗೆ ಆ ಗೋಜಿಲ್ಲ. ತಮ್ಮ ದೇಶಕ್ಕೆ ಅವರು ಹೇಳುವ ಹೆಸರು ಅಒಟೆಅರೊಅ. ಆರು ಸ್ವರ, ಎರಡೇ ವ್ಯಂಜನ! ಆದರೂ ನಾನು ಇಲ್ಲಿ ಮಾವೋರಿ ಎಂದೇ ಬರೆಯುತ್ತೇನೆ. 65ನೇ ವಯಸ್ಸಿನಲ್ಲಿ ಸಂಧಿ ಬಿಡಿಸಿಕೊಳ್ಳುವುದು ಕಷ್ಟ.

ಸೊಸೆಗೆ ಅವಳ ಭಾಷೆ ಬರುತ್ತಿರಲಿಲ್ಲ. ಈಗ, 34 ದಾಟಿದ ಮೇಲೆ, ರಾತ್ರಿ ಕ್ಲಾಸಿಗೆ ಸೇರಿ ಕಲಿಯುತ್ತಿದ್ದಾಳೆ. ಅವಳ ಅಮ್ಮನಿಗೂ ಬರುವುದಿಲ್ಲ. ಅಜ್ಜಿಗೆ ಬರುತ್ತಿತ್ತು, ಆದರೆ ಮಕ್ಕಳೊಂದಿಗೆ ಒಂದು ಮಾತೂ ಆಡಲಿಲ್ಲವಂತೆ. ಶಾಲೆಯಲ್ಲಿ ಮಾವೋರಿ ಬಾಯಿಗೆ ಬಂದರೆ ಕೈಮೇಲೆ ಏಟು. 1867ರಲ್ಲೇ ಒಂದು ಕಾನೂನು ಮಾಡಿ ಮಾವೋರಿ ಮಕ್ಕಳ ಶಾಲೆಗಳಲ್ಲಿ ಇಂಗ್ಲಿಷಿನಲ್ಲಿ ಪಾಠ ಎಂದು ಮಾಡಿದ್ದರು. ಏಟು ತಿಂದ ಮಕ್ಕಳು ದೊಡ್ಡವರಾಗಿ, ಎರಡನೇ ಮಹಾಯುದ್ಧದ ನಂತರ ಕೆಲಸ ಹುಡುಕಿಕೊಂಡು ಪಟ್ಟಣ ಸೇರಿದರು. ತಮ್ಮ ಮಕ್ಕಳಿಗೆ ಆ ಏಟು ಬೇಡ ಎಂದುಕೊಂಡರು. ಅಷ್ಟು ಸಾಕಲ್ಲ, ಒಂದು ತಲೆಮಾರು.

ಆಮೇಲೆ ಅಲ್ಲಿನ ಹುಡುಗ ಹುಡುಗಿಯರೇ ಎದ್ದರು. ನಮ್ಮ ಭಾಷೆಯನ್ನು ಶಾಲೆಯಲ್ಲಿ ಕಲಿಸಿ ಎಂದು 1972ರಲ್ಲಿ 30,000ಕ್ಕೂ ಜಾಸ್ತಿ ಸಹಿ ಹಾಕಿಸಿ ಪಾರ್ಲಿಮೆಂಟಿಗೆ ಕೊಟ್ಟರು. 1982ರಲ್ಲಿ ಕೋಹಙ ರೆಒ ಶುರುವಾಯಿತು. ಭಾಷೆಯ ಗೂಡು ಎಂದರ್ಥ. ಅಜ್ಜ ಅಜ್ಜಿಯರನ್ನೂ ಪುಟ್ಟ ಮಕ್ಕಳನ್ನೂ ಒಂದೇ ಕೋಣೆಯಲ್ಲಿ ಕೂರಿಸಿ, ಅಲ್ಲಿ ಮಾವೋರಿ ಬಿಟ್ಟು ಬೇರೆ ಮಾತಿಲ್ಲ. ನಡುವಿನ ತಲೆಮಾರಿಗೆ ಭಾಷೆ ಇಲ್ಲವಲ್ಲ, ಅದನ್ನು ಹಾರಿ ದಾಟುವ ಉಪಾಯ. 1987ರಲ್ಲಿ ಮಾವೋರಿ ಅಧಿಕೃತ ಭಾಷೆಯಾಯಿತು. 2023ರ ಜನಗಣತಿಯಲ್ಲಿ ಈ ಭಾಷೆ ಬರುತ್ತದೆ ಎಂದವರು 2 ಲಕ್ಷಕ್ಕೂ ಜಾಸ್ತಿ. ನನ್ನ ಸೊಸೆ ತನ್ನ ಹೆಸರನ್ನು ಆ ಲೆಕ್ಕಕ್ಕೆ ಸೇರಿಸಲಿಲ್ಲವಂತೆ. ಇನ್ನೂ ಸರಿಯಾಗಿ ಬರಲ್ಲ ಎಂಬ ನಾಚಿಕೆ.

ಅಡಿಕೆ ಸುಲಿಯುವ ರಾತ್ರಿಗೆ ವಾಪಸು ಬರುತ್ತೇನೆ. ಅವಳ ಭಾಷೆಯಲ್ಲಿ ನಾವು ಎನ್ನಲು ಒಂದೇ ಪದ ಇಲ್ಲ. ತಾತೊಉ ಎಂದರೆ ಕೇಳುತ್ತಿರುವ ನೀನೂ ಸೇರಿದ ನಾವು. ಮಾತೊಉ ಎಂದರೆ ನಿನ್ನನ್ನು ಬಿಟ್ಟು ನಾವು. ಇಬ್ಬರೇ ಇದ್ದರೆ ಅದಕ್ಕೆ ಮತ್ತೆರಡು ಪದ. ಇಂಗ್ಲಿಷಿನಲ್ಲಿ ಬೆಳೆದ ಅವಳಿಗೆ ಇದು ತಲೆಗೆ ಹತ್ತುತ್ತಿರಲಿಲ್ಲ. ನಾನು 36 ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು. ವಿವರಿಸದೆ ಬಿಡುತ್ತೇನೆಯೇ? ತಮಿಳಿನಲ್ಲಿ ನಾಂ, ನಾಂಗಳ್ ಎಂದಿದೆ, ತೆಲುಗಿನಲ್ಲಿ ಮನಂ, ಮೇಮು, ತುಳುವಿನಲ್ಲಿ ನಮ, ಎಂಕುಳು ಎಂದೆ. ಕನ್ನಡದಲ್ಲಿ ಆ ಭೇದ ಹೋಗಿಬಿಟ್ಟಿದೆ, ನಮಗೆ ನಾವು ಒಂದೇ ಎಂದೆ. ಮಗ ಇಂಗ್ಲಿಷಿಗೆ ತಿರುಗಿಸಿ ಹೇಳಿದ.

ಅಷ್ಟರಲ್ಲಿ ಅತ್ತಿಗೆ ಏಳುತ್ತಾ, "ನಿಂಗಳ ಮನೆದು ಮುಗತ್ತಾ?" ಎಂದು ಕೇಳಿದರು. "ಯಂಗಳ ಮನೆದು ಇನ್ನೂ ನಾಕು ದಿನ ಇದ್ದು" ಎಂದೆ. ಹಾಗೆಯೇ ಒಳಗಿದ್ದ ಇವರಿಗೆ, "ನಮ್ಮನೆ ದೊಡ್ಡ ಹಂಡೆ ಎಲ್ಲಿದ್ದು?" ಎಂದು ಕೂಗಿದೆ.

ಸೊಸೆ ಇಯರ್‌ಫೋನ್ ತೆಗೆದಳು. ಅವರಿಗೆ ಹೇಳುವಾಗ ಒಂದು ಪದ, ಮಾವನಿಗೆ ಹೇಳುವಾಗ ಇನ್ನೊಂದು ಪದ, ಎರಡೂ ಒಂದೇ ಮನೆಯಲ್ವಾ ಅತ್ತೆ ಎಂದಳು.

ನನ್ನ ಕೈಯಲ್ಲಿದ್ದ ಅಡಿಕೆ ಹಾಗೇ ಉಳಿಯಿತು. ಹವ್ಯಕ ಮಾತಿನಲ್ಲಿ ಯಂಗ ಬೇರೆ, ನಾವು ಬೇರೆ. ಅತ್ತಿಗೆ ಈ ಮನೆಯವರಲ್ಲ, ಅದಕ್ಕೆ ಯಂಗಳ ಮನೆ. ಇವರು ಈ ಮನೆಯವರು, ಅದಕ್ಕೆ ನಮ್ಮನೆ. ಹುಟ್ಟಿದಾಗಿನಿಂದ ತಪ್ಪಿಲ್ಲದೆ ಆಡುತ್ತಾ ಬಂದಿದ್ದೇನೆ, ಒಮ್ಮೆಯೂ ಗಮನಿಸಿಲ್ಲ! ಶಾಲೆಯಲ್ಲಿ ಉತ್ತಮ ಪುರುಷ ಬಹುವಚನ ನಾವು ಎಂದು ಬೋರ್ಡಿನ ಮೇಲೆ ಬರೆದೇ ಆಯಸ್ಸು ಕಳೆಯಿತು. ಅದಕ್ಕಿಂತ ಕೆಟ್ಟದ್ದೂ ಇದೆ. ಮಕ್ಕಳು ಕ್ಲಾಸಿನಲ್ಲಿ ಮನೆಮಾತಿನ ಹಾಗೆ "ಇದ್ದು" "ಇಲ್ಲೆ" ಎಂದರೆ ಸರಿಯಾದ ಕನ್ನಡದಲ್ಲಿ ಹೇಳು ಎನ್ನುತ್ತಿದ್ದೆ. ದೀವರ ಮನೆ ಮಕ್ಕಳಿಗೂ ಅದೇ ಮಾತು. ಏಟು ಕೊಡಲಿಲ್ಲ, ನಿಜ. ಉಳಿದ ಮಕ್ಕಳು ನಗುವಷ್ಟು ಹೊತ್ತು ಸುಮ್ಮನೆ ನಿಲ್ಲುತ್ತಿದ್ದೆ.

ಆ ರಾತ್ರಿ ಮಲಗಿದ ಮೇಲೆ ಇನ್ನೊಂದು ಹೊಳೆಯಿತು. ಸೊಸೆ ಬಂದು ಒಂದು ವಾರವಾಗಿತ್ತು. ಅವಳಿಗೆ ನಾನು ಹೇಳುತ್ತಿದ್ದದ್ದೆಲ್ಲ "ಯಂಗಳ ಮನೆಲಿ ಹಂಗೆ ಮಾಡ್ತ್ವಿಲ್ಲೆ", "ಯಂಗಳ ಮನೆಲಿ ಎಡಗೈಲಿ ಬಡಿಸ್ತ್ವಿಲ್ಲೆ." ಮಗ ಅದನ್ನು ಇಂಗ್ಲಿಷಿಗೆ ತಿರುಗಿಸುವಾಗ ಬರೀ ನಮ್ಮ ಮನೆ ಆಗಿಬಿಡುತ್ತಿತ್ತು. ಇಂಗ್ಲಿಷು ನನ್ನನ್ನು ಕಾಪಾಡಿತ್ತು.

ಮರುದಿನದಿಂದ ನಾನೂ ಒಂದು ರೂಲ್ ಪುಸ್ತಕ ತೆರೆದೆ. ಮಾವೋರಿ ಪದಗಳನ್ನು ಕನ್ನಡ ಅಕ್ಷರದಲ್ಲೇ ಬರೆದುಕೊಂಡೆ. ಇದಕ್ಕೆ ನಮ್ಮ ಲಿಪಿಯಷ್ಟು ಒಗ್ಗುವುದು ಬೇರೊಂದಿಲ್ಲ ಎಂದು ನನ್ನ ತೀರ್ಪು. ಅವರಿಗೆ ಹ್ರಸ್ವ ದೀರ್ಘ ಪ್ರಾಣದ ಸಮಾನ. ಕೆಕೆ ಎಂದರೆ ಕೇಕು, ಕೇಕೇ ಎಂದರೆ ಕಂಕುಳು. ವಹಿನೆ ಎಂದರೆ ಹೆಂಗಸು, ವಾಹಿನೆ ಎಂದರೆ ಹೆಂಗಸರು. ಇಂಗ್ಲಿಷ್ ಅಕ್ಷರದಲ್ಲಿ ಇದಕ್ಕೆ ತಲೆಮೇಲೆ ಗೆರೆ ಎಳೆಯಬೇಕು, ನಮಗೆ ಒಂದು ದೀರ್ಘ ಕೊಟ್ಟರೆ ಮುಗಿಯಿತು. ಎಲ್ಲಕ್ಕಿಂತ ಖುಷಿಯಾದದ್ದು ಙ ಅಕ್ಷರದ ವಿಷಯದಲ್ಲಿ. ಒಂದನೇ ಕ್ಲಾಸು ದಾಟಿದ ಮೇಲೆ ಆ ಬಡಪಾಯಿಗೆ ನಮ್ಮಲ್ಲಿ ಕೆಲಸವೇ ಇಲ್ಲ ಅಲ್ವಾ? ಅವರಲ್ಲಿ ಅದಿಲ್ಲದೆ ಮಾತೇ ಇಲ್ಲ. ತಙತ ಎಂದರೆ ಮನುಷ್ಯ. ಬಹುವಚನಕ್ಕೆ ಪದದ ಮೊದಲು ಹಚ್ಚುವ ಮಾತೇ ಙಾ. ಸೊಸೆಯ ಮೇಷ್ಟರಿಗೆ ಇದು ಹೊಸದಾಗಿ ಬಂದವರಿಗೆ ಹೇಳಿಕೊಡಲು ಕಷ್ಟದ ಶಬ್ದವಂತೆ. ನಾನು ಒಂದೇ ಸಲಕ್ಕೆ ಹೇಳಿದೆ.

ವ್ಯಂಜನದಲ್ಲಿ ಮುಗಿಯುವ ಪದ ಅವರಿಗೂ ಆಗದು. ನಾವು ಬಸ್ಸು ಎನ್ನುತ್ತೇವೆ, ಅವರು ಪಹಿ ಎನ್ನುತ್ತಾರೆ. ಅವಳ ಅಜ್ಜಿಯ ಊರು ವ್ಹಂಗನುಯಿ ನದಿಯ ದಂಡೆಯ ಕೊರಿನಿತಿ. ಬೈಬಲ್ಲಿನ ಕೊರಿಂಥ್ ಅದು. ಹಿಂದೆ ಪಾದ್ರಿಯೊಬ್ಬರು ಆ ನದಿಯುದ್ದಕ್ಕೂ ಇಂಥ ಹೆಸರಿಟ್ಟರು. ಲಂಡನ್ ಅಲ್ಲಿ ರಾನನ ಆಗಿದೆ, ಜೆರುಸಲೇಮು ಹಿರುಹಾರಮ. ನದಿಯ ಬಾಯಲ್ಲಿರುವ ಪಟ್ಟಣದ ಹೆಸರಿನಿಂದ ಬಿಳಿಯರು ಒಂದು ಹಕಾರ ಬಿಟ್ಟು ಬರೆಯುತ್ತಿದ್ದರು. ಆ ಹಕಾರ ಕಾಗದಪತ್ರಗಳಿಗೆ ಪೂರ್ತಿ ವಾಪಸು ಬಂದದ್ದು 2015ರಲ್ಲಿ, ಶಿಮೊಗ ಹೋಗಿ ಶಿವಮೊಗ್ಗ ಆದ ಮರುವರ್ಷ.

ಹಕಾರ ಎಂದಾಗ ನೆನಪಾಯಿತು. ಮನೆಗೆ ಸಮೋವದಲ್ಲಿ ಫಲೆ, ತಹಿತಿಯಲ್ಲಿ ಫರೆ, ಹವಾಯಿಯಲ್ಲಿ ಹಲೆ. ಹಳಗನ್ನಡದ ಪಾಲು ಹಾಲಾದದ್ದು, ಪಲ್ಲು ಹಲ್ಲಾದದ್ದು ನೆನಪಿದೆಯಾ? ತುಟಿಯ ಅಕ್ಷರ ಸವೆದು ಹಕಾರ ಆಗುವುದು ನಮ್ಮ ಮನೆಯ ಕತೆ ಎಂದುಕೊಂಡಿದ್ದೆ. 1769ರಲ್ಲಿ ಕ್ಯಾಪ್ಟನ್ ಕುಕ್ ನ್ಯೂಜಿಲೆಂಡ್ ಮುಟ್ಟಿದಾಗ ಹಡಗಿನಲ್ಲಿ ತುಪಾಇಅ ಎಂಬ ಪುರೋಹಿತನಿದ್ದ. ತಹಿತಿಯ ಕಡೆಯವನು, ಕಡಲ ದಾರಿ ಬಲ್ಲವನು. ಅವನು ದಡಕ್ಕಿಳಿದು ತನ್ನ ಮಾತಿನಲ್ಲಿ ಕೂಗಿದರೆ ಮಾವೋರಿ ಜನಕ್ಕೆ ಅರ್ಥವಾಯಿತು. ನಡುವೆ ಸಾವಿರಾರು ಮೈಲಿ ಸಮುದ್ರ, ನೂರಾರು ವರ್ಷ. ನಮ್ಮಲ್ಲಿ ಘಟ್ಟ ಇಳಿದರೆ ಹವ್ಯಕರ ಮಾತೇ ಬೇರೆ ಥರ ಕೇಳುತ್ತದೆ!

ಬಚ್ಚಲ ಹಿಂದೆ ನೀರು ಹರಿಯುವಲ್ಲಿ ಕೆಸು ತಾನಾಗಿ ಹಬ್ಬಿದೆ. ಅದನ್ನು ಕಂಡು ಸೊಸೆ ಹಳೆ ನೆಂಟರು ಸಿಕ್ಕವರ ಹಾಗೆ ನಿಂತುಬಿಟ್ಟಳು. ಟಾರೋ ಅತ್ತೆ, ಟಾರೋ! ಪಾಲಿನೇಷ್ಯನ್ನರು ಹೋದಲ್ಲೆಲ್ಲ ದೋಣಿಯಲ್ಲಿ ಕೆಸುವಿನ ಗಡ್ಡೆ ಇಟ್ಟುಕೊಂಡೇ ಹೋದವರು. ತೆಂಗು, ಬಾಳೆ, ದೀವಿಹಲಸು, ಅರಿಸಿನ ಕೂಡ ಅವರೊಂದಿಗೆ ದ್ವೀಪದಿಂದ ದ್ವೀಪಕ್ಕೆ ಹೋದವು. ನ್ಯೂಜಿಲೆಂಡಿನ ಚಳಿಗೆ ತೆಂಗು ನಿಲ್ಲಲಿಲ್ಲ, ದೀವಿಹಲಸೂ ಬರಲಿಲ್ಲ. ಸಿಹಿಗೆಣಸು ಹಿಡಿದುಕೊಂಡಿತು. ಹವಾಯಿಯವರ ಕತೆಯಲ್ಲಿ ಸತ್ತು ಹುಟ್ಟಿದ ಮಗುವನ್ನು ಹೂತ ಜಾಗದಲ್ಲಿ ಮೊದಲ ಕೆಸು ಹುಟ್ಟಿತು. ಆಮೇಲೆ ಹುಟ್ಟಿದ ಮಗು ಮನುಷ್ಯ. ಹಾಗಾಗಿ ಕೆಸು ನಮಗೆಲ್ಲ ಅಣ್ಣ. ಅಣ್ಣನನ್ನು ನಾವು ಕೆರೆತ ಬಾರದ ಹಾಗೆ ಹುಣಸೆಹುಳಿ ಹಾಕಿ ಕರಕಲಿ ಮಾಡುತ್ತೇವೆ ಎಂದು ಹೇಳುವುದು ಹೇಗೆ? ಮಗನಿಗೆ ಅನುವಾದ ಮಾಡಬೇಡ ಎಂದೆ. ಆಚೆಮನೆಯ ದೀವಿಹಲಸಿನ ಮರ ತೋರಿಸಿದೆ. ದೀವಿ ಎಂದರೆ ದ್ವೀಪ, ಇದರ ಹೆಸರಿನಲ್ಲೇ ನಿಮ್ಮ ಕಡೆಯ ವಿಳಾಸ ಇದೆ ಎಂದೆ. ಅದನ್ನು ಅವಳು ಫೋನಿನಲ್ಲಿ ಬರೆದುಕೊಂಡಳು.

ಭಾಷೆ ಕಲಿಯುವುದು ಅವಳಿಗೆ ಅರ್ಧ ಕೆಲಸ. ಉಳಿದರ್ಧ ಫಕಪಪ, ಅಂದರೆ ವಂಶಾವಳಿ. ಅಜ್ಜಿ ತೀರಿಕೊಂಡಿದ್ದಾರೆ, ಹೇಳುವವರಿಲ್ಲ. ಅವಳಿಗೆ ಸಿಕ್ಕಿದ್ದು ಕೋರ್ಟಿನ ಪುಸ್ತಕ. 1865ರಲ್ಲಿ ಅಲ್ಲಿ ಮಾವೋರಿ ಜಮೀನಿಗೆಂದೇ ಒಂದು ಕೋರ್ಟು ಮಾಡಿದರು. ಕುಲಕ್ಕೆಲ್ಲ ಸೇರಿದ ನೆಲವನ್ನು ಒಬ್ಬೊಬ್ಬರ ಹೆಸರಿಗೆ ಹಾಕಿದರೆ ಕೊಳ್ಳುವವರಿಗೆ ಸಲೀಸು. ಆದರೆ ನೆಲ ನಮ್ಮದು ಎಂದು ತೋರಿಸಲು ಜನ ಕೋರ್ಟಿನಲ್ಲಿ ನಿಂತು ತಮ್ಮ ವಂಶವನ್ನು ಹೇಳಬೇಕಿತ್ತು. ಗುಮಾಸ್ತರು ಬರೆದುಕೊಂಡರು. ನೆಲ ಎಷ್ಟೋ ಹೋಯಿತು, ಹೆಸರುಗಳು ಉಳಿದವು. ಅವಳ ಅಜ್ಜಿಯ ಅಜ್ಜಿಯ ಹೆಸರು ಅಂಥದ್ದೊಂದು ಪುಟದಲ್ಲಿ ಇದೆ. ಗಂಡಿನ ಕಡೆಯಿಂದ ಆಗಲಿ ಹೆಣ್ಣಿನ ಕಡೆಯಿಂದ ಆಗಲಿ ಅವರಲ್ಲಿ ವಂಶ ಎಣಿಸಬಹುದು.

ನಿಮ್ಮ ಅಜ್ಜಿಯ ಅಜ್ಜಿಯ ಹೆಸರೇನು ಅತ್ತೆ ಎಂದಳು. ಗೋತ್ರ ಪ್ರವರ ಹೇಳಿದರೆ ಋಷಿಗಳವರೆಗೆ ಹೋಗುತ್ತೇವೆ. ಅಜ್ಜಿಯ ಅಜ್ಜಿ ಗೊತ್ತಿಲ್ಲ. ನನ್ನ ಆಯಿಯ ಹೆಸರನ್ನೇ ಮದುವೆಯ ದಿನ ಬದಲಿಸಿದ್ದರು. ಹುಟ್ಟಿದ ಮನೆಯ ಹೆಸರಿನಲ್ಲಿ ಅವಳನ್ನು ಕರೆಯುವವರು ಕೊನೆಗೆ ಒಬ್ಬ ಸೋದರಮಾವ ಮಾತ್ರ ಉಳಿದಿದ್ದರು.

ನನ್ನ ಹತ್ತಿರವೂ ಒಂದು ಕಾಗದ ಇದೆ, ತಂದು ತೋರಿಸಿದೆ. ನನ್ನ ತವರುಮನೆ ಲಿಂಗನಮಕ್ಕಿ ಮುಳುಗಡೆಯಲ್ಲಿ ಹೋಯಿತು. ಡ್ಯಾಂ ಆದದ್ದು 1964ರಲ್ಲಿ, ನನಗೆ ಆಗ ನಾಲ್ಕು ವರ್ಷ. ಮನೆಯ ನೆನಪು ಏನೇನೂ ಇಲ್ಲ. ಇರುವುದು ಪರಿಹಾರದ ಪಟ್ಟಿಯ ನಕಲು: ಅಡಿಕೆ ಮರ 412, ತೆಂಗು 9, ಹಲಸು 3, ಬಾವಿ 1, ಹಂಚಿನ ಮನೆ 1, ಕೊಟ್ಟಿಗೆ 1. ನಮ್ಮನ್ನು ಎಬ್ಬಿಸಲು ಎಣಿಸಿದ ಲೆಕ್ಕವೇ ಈಗ ಆ ಮನೆಯ ಫೋಟೋ. ಸೊಸೆ ಆ ಕಾಗದವನ್ನು ತುಂಬಾ ಹೊತ್ತು ಹಿಡಿದುಕೊಂಡು ಕೂತಿದ್ದಳು. ಕನ್ನಡ ಓದಲು ಬಾರದಿದ್ದರೂ ಅಂಕಿಗಳ ಮೇಲೆ ಬೆರಳಿಟ್ಟು ಇದು ಯಾವ ಮರ, ಇದು ಯಾವ ಮರ ಎಂದು ಕೇಳಿದಳು.

ಶರಾವತಿ ಹಿನ್ನೀರಿನ ದಡದ ಹೊಳೆಬಾಗಿಲಿಗೆ ಕರೆದುಕೊಂಡು ಹೋದೆವು. ಈಗ ಅಲ್ಲಿ ಉದ್ದದ ಸೇತುವೆ ಆಗಿದೆ, ಸಿಗಂದೂರಿಗೆ ಹೋಗುವವರು ಲಾಂಚಿಗೆ ಕಾಯುತ್ತಾ ನಿಲ್ಲಬೇಕಿಲ್ಲ. ಡಿಸೆಂಬರಿನಲ್ಲಿ ನೀರು ಜಾಸ್ತಿ, ಮುಳುಗಿದ್ದು ಏನೂ ಕಾಣುವುದಿಲ್ಲ. ಬೇಸಿಗೆಯಲ್ಲಾದರೆ ಅತ್ತ ಮಡೆನೂರಿನ ಹಳೆ ಅಣೆಕಟ್ಟು ತಲೆ ಎತ್ತುತ್ತದೆ. ಡ್ಯಾಮಿನೊಳಗೆ ಮುಳುಗಿದ ಡ್ಯಾಂ. ಸೊಸೆ ನೀರಿಗಿಳಿದು ಕೈ ಅದ್ದಿ ಮುಖಕ್ಕೆ ಸವರಿಕೊಂಡು ಹೊಳೆಗೆ "ತೇನಾ ಕೊಎ" ಎಂದಳು. ಮನುಷ್ಯರಿಗೆ ನಮಸ್ಕಾರ ಹೇಳುವ ಮಾತೇ ಅದು. ಜನ ನೋಡುತ್ತಿದ್ದಾರೆ ಎಂದು ಮಗನಿಗೆ ಮುಜುಗರ. ನನಗೇನೂ ಅನ್ನಿಸಲಿಲ್ಲ, ನಾವು ಬಾಗಿನ ಬಿಡುವುದಿಲ್ವಾ?

ಅವಳ ಹೊಳೆ ಕಾನೂನಿನ ಪ್ರಕಾರ ಒಬ್ಬ ವ್ಯಕ್ತಿ. 2017ರಲ್ಲಿ ಕಾಯಿದೆ ಆಯಿತು. ಹೊಳೆಯ ಪರವಾಗಿ ಮಾತಾಡಲು ಇಬ್ಬರು, ಒಬ್ಬರು ಸರ್ಕಾರದ ಕಡೆಯಿಂದ, ಒಬ್ಬರು ಹೊಳೆಯ ಜನರ ಕಡೆಯಿಂದ. "ನಾನೇ ಹೊಳೆ, ಹೊಳೆಯೇ ನಾನು" ಎಂಬುದು ಆ ಜನರ ಹಳೆಯ ಗಾದೆ. ಅದೇ ವರ್ಷ ಉತ್ತರಾಖಂಡದ ಹೈಕೋರ್ಟು ಇದನ್ನೇ ನೋಡಿ ಗಂಗೆ ಯಮುನೆಯರನ್ನೂ ವ್ಯಕ್ತಿ ಎಂದಿತ್ತು, ಸುಪ್ರೀಂ ಕೋರ್ಟು ತಡೆ ಕೊಟ್ಟಿತು. ನನಗೆ ಇದರಲ್ಲಿ ಪೂರ್ತಿ ನಂಬಿಕೆ ಬರಲಿಲ್ಲ. ವ್ಹಂಗನುಯಿಯ ತಲೆಕಡೆಯ ನೀರನ್ನು 1970ರ ದಶಕದಿಂದ ಕರೆಂಟಿಗೆಂದು ಬೇರೆ ಕಡೆ ತಿರುಗಿಸಿದ್ದಾರೆ, ಕಾಯಿದೆ ಬಂದ ಮೇಲೂ ಆ ನೀರು ಹಾಗೇ ಹೋಗುತ್ತಿದೆ. ವ್ಯಕ್ತಿಯಾದ ಮೇಲೂ ರಕ್ತ ಕೊಡುವುದು ತಪ್ಪಲಿಲ್ಲ ಎಂದೆ. ಅವಳು ಇಲ್ಲ ಎನ್ನಲಿಲ್ಲ. ಈಗ ಹೊಳೆಯ ಮಾತು ಕೇಳದೆ ಕೂರಲು ಆಗುವುದಿಲ್ಲ, ಅಷ್ಟಾದರೂ ಆಗಿದೆ ಎಂದಳು.

ಅಲ್ಲೇ ಕಲ್ಲಿನ ಮೇಲೆ ಕೂರಿಸಿ ನನಗೆ ಪೆಪೆಹ ಕಲಿಸಿದಳು. ಅವರಲ್ಲಿ ಹೊಸಬರ ಮುಂದೆ ನಿಂತರೆ ಮೊದಲು ಬೆಟ್ಟ ಹೇಳಬೇಕು, ಆಮೇಲೆ ಹೊಳೆ, ಪೂರ್ವಿಕರು ಬಂದ ದೋಣಿ, ಕುಲ. ತನ್ನ ಹೆಸರು ಕಡೆಗೆ. "ಕೊ ರುಅಪೆಹು ತೆ ಮಉಙ, ಕೊ ವ್ಹಂಗನುಯಿ ತೆ ಅವ." ಬೆಟ್ಟ ರುಅಪೆಹು, ಹೊಳೆ ವ್ಹಂಗನುಯಿ. ನಡುವೆ ಕ್ರಿಯಾಪದ ಇಲ್ಲ, ನಮ್ಮ ಹಾಗೆಯೇ. ನಾನು ಶುರು ಮಾಡಿದೆ. ಕೊ ಕೊಡಚಾದ್ರಿ ತೆ ಮಉಙ. ಕೊ ಶರಾವತಿ ತೆ ಅವ. ಅವರಿಗೆ ಶಕಾರ ಇಲ್ಲ, ಹರಾವತಿ ಎಂದರೂ ನಡೆಯುತ್ತದೆ ಎಂದು ನಕ್ಕಳು.

ದೋಣಿಗೆ ಬಂದು ಸಿಕ್ಕಿಬಿದ್ದೆ. ನಮ್ಮವರನ್ನು ಮಯೂರವರ್ಮ ಅಹಿಚ್ಛತ್ರದಿಂದ ಕರೆತಂದ ಎಂಬ ಕತೆ ಇದೆ, ಯಾವ ಗಾಡಿಯಲ್ಲಿ ಎಂದು ಯಾರೂ ಹೇಳಿಲ್ಲ. ನನಗೆ ಗೊತ್ತಿರುವುದು ಒಂದೇ. ಮುಳುಗಡೆಯ ವರ್ಷ ಅಪ್ಪಯ್ಯ ಮಣೆ, ಹಂಡೆ, ತೊಟ್ಟಿಲು, ಎರಡು ದನ, ನಮ್ಮನ್ನೆಲ್ಲ ಹೇರಿಕೊಂಡು ಹೊಸನಗರದ ಕಡೆ ಬಂದ ಲಾರಿ. ಅದನ್ನು ಹೇಳಿದೆ. ಸರಿಯಾಗೇ ಇದೆ ಅತ್ತೆ, ದೋಣಿಗೆ ಹೇಳುವ ಹಾಗೆ ಕಾರಿಗೂ ವಿಮಾನಕ್ಕೂ ನಾವು ವಕ ಎಂದೇ ಹೇಳುವುದು ಎಂದಳು. ಹಾಗಾಗಿ ನನ್ನ ಪೆಪೆಹದಲ್ಲಿ ಲಾರಿ ಇದೆ.

ಅವರು ಹೋಗಿ ಎರಡು ತಿಂಗಳಾಯಿತು. ಮೊನ್ನೆ ವಾಟ್ಸಾಪಿನಲ್ಲಿ ಅವಳ ದನಿ ಬಂತು. ಮಗನ ಸಹಾಯ ಇಲ್ಲದೆ ಹೇಳಿದ್ದು ಎಂದು ಉಚ್ಚಾರದಲ್ಲೇ ಗೊತ್ತಾಗುತ್ತಿತ್ತು. "ಅತ್ತೆ, ನಮ್ಮನೆ ಕೆಸು ಹೆಂಗಿದ್ದು?"

ನಾಲ್ಕು ಸಲ ಹಾಕಿ ಕೇಳಿದೆ. ಯಂಗಳ ಅಂದಿರಲಿಲ್ಲ, ನಿಂಗಳ ಅಂತಲೂ ಅಂದಿರಲಿಲ್ಲ. ಗೊತ್ತಿದ್ದೇ ಹೇಳಿದಳೋ ಬಾಯಿಗೆ ಬಂದದ್ದೋ, ನಾನು ಕೇಳಲಿಲ್ಲ. "ನಮ್ಮನೆ ಕೆಸನ್ನು ಹಂದಿ ಒಕ್ಕಿ ಹಾಕಿದ್ದು ಕೂಸೇ" ಎಂದು ಇದ್ದದ್ದನ್ನೇ ಹೇಳಿ ಕಳಿಸಿದೆ. ಅವಳ ಊರಿನಲ್ಲೂ ಕಾಡುಹಂದಿ ಕಾಟ ಇದೆಯಂತೆ. ಮೊದಲು ತಂದು ಬಿಟ್ಟವನು ಕುಕ್ ಎಂದು ಅಲ್ಲಿನವರು ಅದನ್ನು ಕ್ಯಾಪ್ಟನ್ ಕುಕ್ಕರ್ ಎನ್ನುತ್ತಾರಂತೆ. ಆ ಹೆಸರು ಈಗ ನಮ್ಮ ಕೇರಿಯಲ್ಲಿ ಚಾಲ್ತಿಗೆ ಬಂದಿದೆ. ನಿನ್ನೆ ಅತ್ತಿಗೆ ಬೇಲಿಯಾಚೆಯಿಂದ ಕೂಗಿದರು, "ರಾತ್ರಿ ಕುಕ್ಕರು ಬಂದಿತ್ತು ಕಾಣ್ತು, ಬಾಳೆಯನ್ನೂ ಬಿಟ್ಟಿದ್ದಿಲ್ಲೆ."